ಹಳಿಯ ಕೆಳಗಿನ ಮಣ್ಣು: ವರ್ತಕರು ಕೇಳದೆ ಬಿಟ್ಟ ಪ್ರಶ್ನೆ

2024ರ ಮಾರ್ಚ್ ತಿಂಗಳಲ್ಲಿ ಸಿಂಧನೂರಿಗೆ ಪ್ರಯಾಣಿಕ ರೈಲು ಬಂದಿತು. ಮುನಿರಾಬಾದ್–ಮಹಬೂಬನಗರ ಮಾರ್ಗಕ್ಕೆ 1997-98ರಲ್ಲಿ ಮಂಜೂರಾತಿ ದೊರೆತಿದ್ದನ್ನು ನೆನೆದರೆ, ಗಿಣಿಗೇರಾದಿಂದ ಹೊರಟ ಹಳಿಯು ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರು ಮುಟ್ಟಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇತ್ತ 2013-14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿಯವರೆಗಿನ ಭಾಗವು 2025ರ ಮೇ 15ರಂದು ಸಂಚಾರಕ್ಕೆ ತೆರೆಯಿತು. ಆ ಮಾರ್ಗವು ಮುಂದೆ ಲಿಂಗಸೂಗೂರು, ಸುರಪುರ, ಶಹಾಪುರಗಳ ಕಡೆಯಿಂದ ವಾಡಿಯನ್ನು ಸೇರಬೇಕಾದುದು. ಒಂದು 244 ಕಿ.ಮೀ., ಇನ್ನೊಂದು 257 ಕಿ.ಮೀ. ಇಷ್ಟು ಉದ್ದದ ಎರಡು ಹೊಸ ಮಾರ್ಗಗಳು ರಾಯಚೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳನ್ನು ಹಾಯುತ್ತಿರುವುದು ಈ ಭಾಗದ ವ್ಯಾಪಾರೋದ್ಯಮಕ್ಕೆ ಸಣ್ಣ ಸಂಗತಿಯಲ್ಲ.

ಈ ಅವಧಿಯುದ್ದಕ್ಕೂ ವಾಣಿಜ್ಯ ಸಂಸ್ಥೆಗಳ ಮನವಿಪತ್ರಗಳಲ್ಲಿ ಕಂಡುಬಂದ ಮುಖ್ಯ ಬೇಡಿಕೆ ಒಂದೇ: ರೈಲು ಎಂದು ಬರುತ್ತದೆ? ಪ್ರಶ್ನೆ ಸಹಜವಾದುದು, ಕಾದು ಬೇಸತ್ತವರು ಬೇರೇನನ್ನು ಕೇಳಿಯಾರು! ಆದರೆ ರೈಲು ಬಂದ ಬಳಿಕ ಅದು ಎಷ್ಟು ಭಾರವನ್ನು ಎಷ್ಟು ವೇಗದಲ್ಲಿ ಎಷ್ಟು ವರ್ಷ ಹೊತ್ತೊಯ್ಯಬಲ್ಲದು ಎಂಬ ಇನ್ನೊಂದು ಪ್ರಶ್ನೆಯಿದೆ. ಅದರ ಉತ್ತರವು ಎಂಜಿನ್ನಿನಲ್ಲಾಗಲಿ ನಿಲ್ದಾಣದ ಕಟ್ಟಡದಲ್ಲಾಗಲಿ ಇಲ್ಲ. ಹಳಿಯ ಕೆಳಗೆ, ಖಡಿಯ ಕೆಳಗೆ, ಕಣ್ಣಿಗೆ ಬೀಳದ ಮಣ್ಣಿನ ಪದರಗಳಲ್ಲಿದೆ. ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ಎರೆ ಭೂಮಿಯಲ್ಲಿ ಇದನ್ನು ಇಂಜಿನಿಯರರ ಖಾಸಗಿ ವಿಷಯವೆಂದು ಬದಿಗಿಡುವಂತಿಲ್ಲ.

ಎರೆ ಮಣ್ಣಿನ ಗುಣವನ್ನು ಈ ಸೀಮೆಯ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುವ ಹೊಲ, ಮೊದಲ ಹದಮಳೆಗೆ ಉಬ್ಬಿ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗೋಡೆ ಸೀಳಿದ ಗೋದಾಮು, ಅಲೆ ಅಲೆಯಾದ ರಸ್ತೆ, ಬಾಗಿಲು ಕೂಡದ ಅಂಗಡಿ ಇವೆಲ್ಲ ಅದೇ ಮಣ್ಣಿನ ಕೆಲಸ. ಇದಕ್ಕೆ ಕಾರಣ ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ತೆಳು ಹಾಳೆಗಳ ನಡುವೆ ನೀರು ನುಗ್ಗಿದಾಗ ಹಾಳೆಗಳು ದೂರ ಸರಿಯುತ್ತವೆ, ಒಣಗಿದಾಗ ಹತ್ತಿರ ಬರುತ್ತವೆ. ಮನೆಗಾದರೆ ಆಳದ ಅಡಿಪಾಯ ತೆಗೆದು ಗಟ್ಟಿ ನೆಲ ಮುಟ್ಟಬಹುದು. ನೂರಾರು ಕಿ.ಮೀ. ಉದ್ದದ ಹಳಿಗೆ ಹಾಗೆ ಮಾಡಲಾಗದು. ಅದು ಮಣ್ಣಿನ ಮೇಲೆಯೇ ಮಲಗಬೇಕು.

ಸಿಂಧನೂರಿನ ಸ್ಥಿತಿ ಇನ್ನೂ ವಿಶಿಷ್ಟವಾದುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಇಲ್ಲಿ ಭತ್ತ ಬೆಳೆಯುತ್ತದೆ. ಊರಿನ ಅಕ್ಕಿ ಗಿರಣಿಗಳೆಲ್ಲ ಅದನ್ನೇ ನಂಬಿವೆ. ಭತ್ತದ ಗದ್ದೆಯೆಂದರೆ ತಿಂಗಳುಗಟ್ಟಲೆ ನಿಂತ ನೀರು. ರೈಲು ಏರಿಯ ಎರಡೂ ಬದಿಗೆ ಹೀಗೆ ನೀರು ನಿಂತಾಗ ಏರಿಯ ಬುಡ ನೆನೆಯುತ್ತದೆ, ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಕಾಲುವೆ ನಿಂತ ಮೇಲೆ ಅದೇ ಮಣ್ಣು ಬಿಸಿಲಿಗೆ ಬಿರಿಯುತ್ತದೆ. ಮಳೆಯಾಶ್ರಿತ ಎರೆ ಹೊಲದಲ್ಲಿ ಈ ಉಬ್ಬು-ಕುಗ್ಗು ವರ್ಷಕ್ಕೊಮ್ಮೆ. ನೀರಾವರಿ ಪ್ರದೇಶದಲ್ಲಿ ಕಾಲುವೆ ಬಿಟ್ಟು ಕಟ್ಟಿದ ಪ್ರತಿ ಸಲವೂ ಅದು ಮರುಕಳಿಸಬಹುದು. ಆದ್ದರಿಂದ ಮಣ್ಣಿನ ಪರೀಕ್ಷೆಯನ್ನು ಯಾವ ತಿಂಗಳಲ್ಲಿ ಮಾಡಲಾಯಿತು ಎಂಬುದು ಫಲಿತಾಂಶದಷ್ಟೇ ಮುಖ್ಯವಾಗುತ್ತದೆ. ಏಪ್ರಿಲ್ ತಿಂಗಳ ಎರೆ ಮಣ್ಣು ಕಲ್ಲಿನಂತೆ ನಿಲ್ಲುತ್ತದೆ. ಅದನ್ನು ನೋಡಿ ವ್ಯಾಗನ್ ಓಡಿಸಲಾಗದು.

ಹಳಿಯ ಕೆಳಗಿನ ಕಟ್ಟಡ ಹೇಗಿದೆ ಎಂಬುದನ್ನು ಸ್ಥೂಲವಾಗಿ ನೋಡುವುದು ಒಳ್ಳೆಯದು. ಗಾಲಿಯು ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಅಲ್ಲಿಯ ಅಪಾರ ಒತ್ತಡವು ಹಳಿಯಿಂದ ಕಾಂಕ್ರೀಟ್ ಸ್ಲೀಪರಿಗೆ, ಅಲ್ಲಿಂದ 300–350 ಮಿ.ಮೀ. ದಪ್ಪದ ಖಡಿಯ ಹಾಸಿಗೆಗೆ, ಅಲ್ಲಿಂದ ಬ್ಲಾಂಕೆಟ್ ಎಂಬ ಪದರಕ್ಕೆ, ಕೊನೆಗೆ ಏರಿಯ ಮಣ್ಣಿಗೆ ಇಳಿಯುತ್ತದೆ. ಪ್ರತಿ ಪದರದಲ್ಲಿಯೂ ಭಾರವು ಅಗಲವಾಗಿ ಹರಡಿ ಒತ್ತಡ ಕಡಿಮೆಯಾಗುತ್ತ ಹೋಗಬೇಕು. ಮೇಲಿನ ಪದರಗಳು ತೆಳುವಾದರೆ ಕೆಳಗಿನ ಮಣ್ಣು ತಡೆಯಲಾರದಷ್ಟು ಒತ್ತಡ ಅದಕ್ಕೆ ತಲುಪುತ್ತದೆ. ವಿನ್ಯಾಸದ ತಿರುಳು ಇಷ್ಟೇ: ಕೆಳಗಿನ ಮಣ್ಣು ಎಷ್ಟು ದುರ್ಬಲವೋ ಮೇಲಿನ ಪದರ ಅಷ್ಟು ದಪ್ಪ.

ಈ ಇಷ್ಟನ್ನು ಲೆಕ್ಕಕ್ಕೆ ತರಲು ಜಗತ್ತಿಗೆ ಬಹಳ ಕಾಲ ಬೇಕಾಯಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮತ್ತು ಮದ್ರಾಸ್ ರೈಲು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಕಾಲಕ್ಕೆ ಮಣ್ಣಿನ ಯಂತ್ರಶಾಸ್ತ್ರವೆಂಬ ವಿದ್ಯೆಯೇ ಹುಟ್ಟಿರಲಿಲ್ಲ. ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣನ್ನು ಮಳೆಗಾಲಗಳು ಕೂರಿಸಬೇಕಿತ್ತು. ಹಳೆಯ ಇಂಜಿನಿಯರರು ಏರಿಯನ್ನು ಒಂದೆರಡು ಮಳೆಗಾಲ ಹಾಗೆಯೇ ಬಿಡುತ್ತಿದ್ದರು. ಅಮೆರಿಕದಲ್ಲಿ ಟಾಲ್ಬಟ್ ಅವರ ನೇತೃತ್ವದ ಸಮಿತಿಯು 1918ರಿಂದ ಪ್ರಕಟಿಸಿದ ವರದಿಗಳಲ್ಲಿ ಸ್ಲೀಪರಿನ ಕೆಳಗೆ ಆಳಕ್ಕೆ ಹೋದಂತೆ ಒತ್ತಡ ಹೇಗೆ ಇಳಿಯುತ್ತದೆಂಬುದನ್ನು ಅಳೆದು ತೋರಿಸಿತು. 1933ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾಕ್ಟರ್ ಅವರು ಅಣೆಕಟ್ಟಿನ ಮಣ್ಣಿಗೆ ಎಷ್ಟು ತೇವವಿದ್ದಾಗ ಎಷ್ಟು ಬಿಗಿಯಾಗಿ ದಮ್ಮಸ್ಸು ಹಾಕಬಹುದೆಂಬ ಪರೀಕ್ಷೆಯನ್ನು ರೂಪಿಸಿದರು. ಇಂದಿಗೂ ಗುತ್ತಿಗೆದಾರನ ಬಿಲ್ಲು ಆ ಪರೀಕ್ಷೆಯ ಆಧಾರದ ಮೇಲೆಯೇ ಪಾಸಾಗುತ್ತದೆ. 1998ರಲ್ಲಿ ಲೀ ಮತ್ತು ಸೆಲಿಗ್ ಎಂಬ ಇಬ್ಬರು ಪ್ರಕಟಿಸಿದ ವಿಧಾನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಗಾಲಿಯ ಭಾರಕ್ಕೆ ಮಣ್ಣು ಕುಸಿಯುತ್ತದೆಯೇ ಎಂದಷ್ಟೇ ಕೇಳದೆ, ಲಕ್ಷಾಂತರ ಗಾಲಿಗಳು ಹಾದುಹೋದ ಮೇಲೆ ಕೂದಲೆಳೆಯಷ್ಟು ಕೂಡುತ್ತ ಬಂದ ತಗ್ಗು ಒಟ್ಟು ಎಷ್ಟಾಗುತ್ತದೆ ಎಂದು ಆ ವಿಧಾನ ಕೇಳುತ್ತದೆ. ಸರಕು ಸಾಗಣೆಯ ಮಾರ್ಗಕ್ಕೆ ಇದೇ ಸರಿಯಾದ ಪ್ರಶ್ನೆ. ಬಡ್ಡಿಯ ಮೇಲೆ ಬಡ್ಡಿ ಹೇಗೆ ಬೆಳೆಯುತ್ತದೆಂದು ಬಲ್ಲ ವರ್ತಕರಿಗೆ ಇದು ತಟ್ಟನೆ ಅರ್ಥವಾಗುವ ಮಾತು.

ಭಾರತದಲ್ಲಿ ಈ ನಿಯಮಗಳನ್ನು ನಿಗದಿಪಡಿಸುವುದು ಲಕ್ನೋದಲ್ಲಿರುವ, ಆರ್.ಡಿ.ಎಸ್.ಒ. ಎಂದು ಪರಿಚಿತವಾದ ರೈಲ್ವೆಯ ಸಂಶೋಧನಾ ಸಂಸ್ಥೆ. ಅದು 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಏರಿಯ ಮೇಲ್ಭಾಗದ ಮಣ್ಣು ಒಳ್ಳೆಯ ದರ್ಜೆಯ ಗರಸು ಅಥವಾ ಮರಳಾಗಿದ್ದರೆ ಬ್ಲಾಂಕೆಟ್ ಬೇಕಿಲ್ಲ. ಮಧ್ಯಮ ದರ್ಜೆಯವಕ್ಕೆ 45 ಅಥವಾ 60 ಸೆಂ.ಮೀ.; ಸಾಧಾರಣ ಜೇಡಿ ಮತ್ತು ಗೋಡು ಮಣ್ಣಿಗೆ ಒಂದು ಮೀಟರ್. ಅಚ್ಚಿನ ಭಾರ 22.5 ಟನ್ನಿಗಿಂತ ಹೆಚ್ಚಿದ್ದರೆ ಇನ್ನೂ 30 ಸೆಂ.ಮೀ. ಕೂಡಿಸಬೇಕು. ಅತಿಯಾಗಿ ಉಬ್ಬುವ ಜೇಡಿಯನ್ನಂತೂ, ಎಂದರೆ ನಮ್ಮ ಎರೆ ಮಣ್ಣಿನ ಜಾತಿಯನ್ನು, ಏರಿಯ ಮೇಲಿನ ಮೂರು ಮೀಟರಿನಲ್ಲಿ ಬಳಸಲೇಬಾರದೆಂದು ಅದು ಹೇಳಿತು. ಭಾರೀ ಅಚ್ಚುಗಳಿಗಾಗಿ 2009ರಲ್ಲಿ ಬೇರೆ ಮಾರ್ಗಸೂಚಿ ಬಂದಿತು. 2020ರಲ್ಲಿ ಎಲ್ಲವನ್ನೂ ಒಳಗೊಂಡ ಸಮಗ್ರ ಮಾರ್ಗಸೂಚಿ ಹೊರಟಿತು.

ಇಲ್ಲಿ ವರ್ತಕರು ಒಂದು ಕ್ಷಣ ನಿಂತು ಈ ಇಸವಿಗಳನ್ನು ಗಮನಿಸಬೇಕು. ಮುನಿರಾಬಾದ್–ಮಹಬೂಬನಗರ ಮಾರ್ಗ ಮಂಜೂರಾದಾಗ ನಮ್ಮ ಸರಕು ವ್ಯಾಗನ್ನಿನ ಅಚ್ಚಿನ ಭಾರ 20.32 ಟನ್. 2005ರಿಂದ ಮೊದಲು ಅದಿರಿನ ಮಾರ್ಗಗಳಲ್ಲಿ, ಬಳಿಕ ಉಳಿದೆಡೆಗಳಲ್ಲಿ ಈ ಮಿತಿಯನ್ನು ಏರಿಸಲಾಯಿತು. ಅದು ಸುಮಾರು 22.8 ಟನ್ನಿಗೆ ಬಂದಿತು. ಅಂದರೆ ನಾಲ್ಕು ಅಚ್ಚಿನ ಒಂದು ವ್ಯಾಗನ್ ಸರಕು ಸಮೇತ 91 ಟನ್ ತೂಗುತ್ತದೆ. ಮಾರ್ಗವೊಂದು ಕಾಲು ಶತಮಾನದಲ್ಲಿ ತುಂಡು ತುಂಡಾಗಿ ಕಟ್ಟಲ್ಪಟ್ಟಾಗ, ಆ ಅವಧಿಯಲ್ಲಿ ಅಚ್ಚಿನ ಭಾರವೂ ಬದಲಾಗಿ ನಿಯಮವೂ ಮೂರು ಸಲ ಬದಲಾದಾಗ, ಯಾವ ಭಾಗದ ಏರಿ ಯಾವ ವರ್ಷದ ನಿಯಮದಂತೆ, ಎಷ್ಟು ಅಚ್ಚಿನ ಭಾರಕ್ಕೆ ವಿನ್ಯಾಸಗೊಂಡಿದೆ ಎಂಬುದು ತಿಳಿಯಬೇಕಾದ ಸಂಗತಿ. ಇದು ಯಾರ ಮೇಲಿನ ಆರೋಪವೂ ಅಲ್ಲ. ಇಲಾಖೆಯ ಕಡತಗಳಲ್ಲಿ ಉತ್ತರ ಇರಲೇಬೇಕು. ಕೇಳಿದವರು ಕಡಿಮೆ, ಅಷ್ಟೆ.

ಉತ್ತರ ತಪ್ಪಾದರೆ ಆಗುವುದೇನು? ಹಳಿ ಒಮ್ಮೆಲೇ ಕುಸಿಯುವುದು ವಿರಳ. ಸಾಮಾನ್ಯವಾಗಿ ನಡೆಯುವುದು ನಿಧಾನದ ಸೋಲು. ನೆನೆದ ಜೇಡಿಯ ಮೇಲೆ ಗಾಲಿಗಳು ಬಡಿದಂತೆಲ್ಲ ಕೆಸರು ಖಡಿಯ ಸಂದುಗಳಲ್ಲಿ ಮೇಲೇರುತ್ತದೆ, ಖಡಿಯ ತುಂಡುಗಳು ಕೆಳಗಿಳಿಯುತ್ತವೆ. ಖಡಿ ಇಳಿದ ಜಾಗದಲ್ಲಿ ಬಟ್ಟಲಿನಂಥ ತಗ್ಗು ಉಂಟಾಗಿ ನೀರು ಅಲ್ಲಿಯೇ ನಿಲ್ಲುತ್ತದೆ. ನಿಂತ ನೀರು ಮಣ್ಣನ್ನು ಇನ್ನಷ್ಟು ಮೆತ್ತಗಾಗಿಸುತ್ತದೆ. ಹಳಿಯ ಮಟ್ಟ ತಪ್ಪುತ್ತದೆ. ಯಂತ್ರ ತಂದು ಮಟ್ಟ ಸರಿಪಡಿಸಿದರೂ ರೋಗ ಕೆಳಗಿರುವುದರಿಂದ ಕೆಲವು ವಾರಗಳಲ್ಲಿ ಮತ್ತೆ ಅದೇ ಸ್ಥಿತಿ. ಆಗ ಹಾಕುವುದು ವೇಗ ನಿರ್ಬಂಧ. ಒಂದು ಕಡೆ ಗಂಟೆಗೆ 30 ಕಿ.ಮೀ., ಇನ್ನೊಂದು ಕಡೆ 20 ಎಂದು ಫಲಕಗಳು ನಿಂತವೆಂದರೆ, ಒಂಟಿ ಮಾರ್ಗದಲ್ಲಿ ದಿನಕ್ಕೆ ಹಾಯಬಹುದಾದ ಗಾಡಿಗಳ ಸಂಖ್ಯೆಯೇ ಇಳಿಯುತ್ತದೆ. ಪ್ರಯಾಣಿಕ ಗಾಡಿಗೆ ಆದ್ಯತೆ ಇದ್ದೇ ಇರುತ್ತದೆ, ಕಾಯುವುದು ಸರಕು.

ಆ ಸರಕಿನ ಪ್ರಮಾಣವೇನು ಎಂಬುದನ್ನು ನೋಡಿದರೆ ವಿಷಯದ ತೂಕ ತಿಳಿಯುತ್ತದೆ. 42 ಮುಚ್ಚಿದ ವ್ಯಾಗನ್ನುಗಳ ಒಂದು ರೇಕ್ ಸುಮಾರು 2,600 ಟನ್ ಅಕ್ಕಿಯನ್ನು ಒಯ್ಯುತ್ತದೆ. 20 ಟನ್ ಹೇರುವ ಲಾರಿಗಳ ಲೆಕ್ಕದಲ್ಲಿ ಅದು 130 ಲಾರಿ. ಇಷ್ಟು ಸರಕನ್ನು ಒಂದೇ ಸಲಕ್ಕೆ ಹೇರಬೇಕಾದರೆ ಗಿರಣಿಗಳು ಕೂಡಬೇಕು, ಹಮಾಲರ ತಂಡಗಳು ಸಿದ್ಧವಿರಬೇಕು, ನಿಗದಿತ ಗಂಟೆಗಳೊಳಗೆ ಹೇರಿಕೆ ಮುಗಿಯದಿದ್ದರೆ ಡೆಮರೇಜ್ ತೆರಬೇಕು. ಖಾಲಿ ರೇಕ್ ಯಾವ ಗಂಟೆಗೆ ಬಂದೀತೆಂದು ಹೇಳಲಾಗದ ಮಾರ್ಗದಲ್ಲಿ ಈ ವ್ಯವಸ್ಥೆ ನಡೆಯುವುದು ಕಷ್ಟ. ಲಿಂಗಸೂಗೂರಿನ ತೊಗರಿ, ಹತ್ತಿ ವ್ಯಾಪಾರಿಗಳ ವಿಷಯವೂ ಅಷ್ಟೇ. ರೇಕ್ ನಂಬಲಾಗದೆಂದು ಒಮ್ಮೆ ಮನಸ್ಸು ಮುರಿದರೆ ವ್ಯಾಪಾರ ಮತ್ತೆ ಲಾರಿಗೇ ಮರಳುತ್ತದೆ. ಸರಕಿಲ್ಲದ ಮಾರ್ಗಕ್ಕೆ ದುರಸ್ತಿಯ ಹಣವೂ ಹಿಂದೆ ಬೀಳುತ್ತದೆ.

ಪರೀಕ್ಷೆಗಳ ಮಾತಿಗೆ ಬಂದರೆ, ಅವುಗಳಲ್ಲಿ ಕೆಲವು ಆಶ್ಚರ್ಯವಾಗುವಷ್ಟು ಸರಳ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಭಾರತೀಯ ಮಾನಕವು ಹೇಳುವ ವಿಧಾನಕ್ಕೆ ಬೇಕಾಗುವುದು ಎರಡು ಗಾಜಿನ ಅಳತೆ ಕೊಳವೆ, ಸ್ವಲ್ಪ ನೀರು, ಸ್ವಲ್ಪ ಸೀಮೆಎಣ್ಣೆ. ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಒಂದನ್ನು ನೀರಿಗೆ, ಒಂದನ್ನು ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಗಾತ್ರದ ಅಂತರವೇ ಉಬ್ಬುವಿಕೆಯ ಸೂಚ್ಯಂಕ. ಅದು ಶೇ. 50ರೊಳಗಿದ್ದರೆ ಕಡಿಮೆ, 100 ದಾಟಿದರೆ ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ಯಾವ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ. ಗೋದಾಮು ಅಥವಾ ಗಿರಣಿ ಕಟ್ಟಿಸುವ ಉದ್ದಿಮೆದಾರರು ನಿವೇಶನ ಕೊಳ್ಳುವ ಮೊದಲು ಇದನ್ನು ಮಾಡಿಸಿಕೊಂಡರೆ ಆಮೇಲೆ ಗೋಡೆಗೆ ಸಿಮೆಂಟ್ ಮೆತ್ತುವ ಖರ್ಚು ಉಳಿದೀತು.

ಎರಡನೆಯದು ಸಿ.ಬಿ.ಆರ್. ಎಂಬ ಪರೀಕ್ಷೆ: ದಮ್ಮಸ್ಸಾದ ಮಣ್ಣಿನೊಳಗೆ ಕಬ್ಬಿಣದ ದಿಂಡನ್ನು ಒತ್ತಿ ಅದರ ಪ್ರತಿರೋಧ ಅಳೆಯುವುದು. ಇದನ್ನು ಮಾಡುವ ಮೊದಲು ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಹಾಕುವ ಪದ್ಧತಿಯಿದೆ. ನೆನೆಸದ ಮಾದರಿಯ ಅಂಕಿ ಎರೆ ನಾಡಿನಲ್ಲಿ ಯಾವ ಉಪಯೋಗಕ್ಕೂ ಬಾರದು. ಮೂರನೆಯದು ಸ್ಥಳದಲ್ಲಿಯೇ ನಡೆಯುವ ತಟ್ಟೆಯ ಪರೀಕ್ಷೆ. 300 ಮಿ.ಮೀ. ವ್ಯಾಸದ ಉಕ್ಕಿನ ತಟ್ಟೆಯನ್ನು ಸಿದ್ಧವಾದ ಪದರದ ಮೇಲಿಟ್ಟು, ತುಂಬಿದ ಲಾರಿಯ ಭಾರವನ್ನು ಆಧಾರವಾಗಿ ಹಿಡಿದು ಜಾಕಿಯಿಂದ ಒತ್ತುತ್ತಾರೆ. ಭಾರ ತೆಗೆದು ಮತ್ತೆ ಒತ್ತುತ್ತಾರೆ. ಎರಡನೆಯ ಸಲ ಪದರ ಎಷ್ಟು ತಗ್ಗಿತು ಎಂಬುದರಿಂದ ಅದರ ಬಿಗುವು ತಿಳಿಯುತ್ತದೆ. ದಮ್ಮಸ್ಸಿನ ಪರೀಕ್ಷೆಯು ಮಣ್ಣು ಎಷ್ಟು ಒತ್ತಾಗಿದೆ ಎಂದು ಹೇಳಿದರೆ, ಈ ಪರೀಕ್ಷೆಯು ಅದು ಭಾರ ಹೊರಬಲ್ಲದೇ ಎಂದು ಹೇಳುತ್ತದೆ. ಎರಡೂ ಬೇರೆ ಬೇರೆ. ಒತ್ತಾದ ಎರೆ ಮಣ್ಣು ನೆನೆದಾಗ ಸಡಿಲ ಮಣ್ಣಿಗಿಂತ ಹೆಚ್ಚು ಉಬ್ಬುವುದೂ ಉಂಟು.

ಉಪಾಯಗಳಿಲ್ಲವೆಂದಲ್ಲ. ಐಐಟಿ ಮುಂಬಯಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ತೋರಿಸಿಕೊಟ್ಟ ಮಾರ್ಗವು ಎರೆ ನಾಡಿಗೆ ಹೇಳಿ ಮಾಡಿಸಿದಂತಿದೆ. ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಸುಮಾರು ಒಂದು ಮೀಟರ್ ಪದರವನ್ನು ಎರೆ ಮಣ್ಣಿನ ಮೇಲೆ ಹಾಸಿದರೆ ಕೆಳಗಿನ ಉಬ್ಬು ಬಹುಮಟ್ಟಿಗೆ ಅಡಗುತ್ತದೆ. ಕಾಲುವೆಗಳ ಒಳಹಾಸಿಗೆ ಇದು ಮಾನಕವೇ ಆಯಿತು. ಸುಣ್ಣ ಬೆರೆಸುವುದು, ಮಣ್ಣು ಮತ್ತು ಖಡಿ ಬೆರೆಯದಂತೆ ನಡುವೆ ಜಿಯೊಟೆಕ್ಸ್‌ಟೈಲ್ ಹಾಸುವುದು, ಏರಿಯ ಬುಡದಲ್ಲಿ ಚರಂಡಿ ತೋಡಿ ಗದ್ದೆಯ ಬಸಿ ನೀರನ್ನು ದೂರ ಸಾಗಿಸುವುದು ಇವೂ ಇವೆ. ಇವುಗಳಲ್ಲಿ ಚರಂಡಿಯೇ ಅಗ್ಗ, ಅದೇ ಎಲ್ಲಕ್ಕಿಂತ ಮೊದಲು ಮರೆತುಹೋಗುವಂಥದು. ಏರಿಯ ಬದಿಯ ಚರಂಡಿಯನ್ನು ಮುಚ್ಚಿ ಗದ್ದೆಯ ಬದುವನ್ನು ಮುಂದಕ್ಕೆ ತಳ್ಳುವ ರೂಢಿ ನಮ್ಮವರಲ್ಲಿಯೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಭಾಗದ ಸಣ್ಣ ಉದ್ದಿಮೆಗಳಿಗೆ ಇದರಲ್ಲಿ ಅವಕಾಶವೂ ಅಡಗಿದೆ. ಹಟ್ಟಿ–ಮಸ್ಕಿ ಪಟ್ಟಿಯ ಶಿಲೆಗಳು ಲೋಕಪ್ರಸಿದ್ಧ. 1915ರಲ್ಲಿ ಚಿನ್ನ ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಹೆಸರು ಹೊತ್ತ ಶಾಸನ. ಆ ಪಟ್ಟಿಯ ಪದರುಗಲ್ಲು ಒಡೆದಾಗ ಚಪ್ಪಟೆ ಚೂರಾಗುವುದರಿಂದ ಖಡಿಗೆ ಹೊಂದುವುದಿಲ್ಲ. ಪಕ್ಕದ ಗ್ರಾನೈಟ್ ಜಾತಿಯ ಕಲ್ಲು ಹೊಂದುತ್ತದೆ. ರೈಲ್ವೆಯ ಖಡಿಗೆ ನಿಯಮ ಬಿಗಿಯಾದುದು: 65 ಮಿ.ಮೀ. ಜರಡಿಯಲ್ಲಿ ಶೇ. 5ಕ್ಕಿಂತ ಹೆಚ್ಚು ಉಳಿಯಬಾರದು, 40ರ ಜರಡಿಯಲ್ಲಿ ಶೇ. 40ರಿಂದ 60 ಉಳಿಯಬೇಕು, 20ರ ಜರಡಿಯಲ್ಲಿ ಶೇ. 98ಕ್ಕೆ ಕಡಿಮೆಯಾಗಬಾರದು, ಸವೆತದ ಅಂಕಿ 30 ದಾಟಬಾರದು. ರಸ್ತೆಯ ಖಡಿ ಒಡೆಯುವ ಕ್ರಷರ್‌ಗಳು ಜರಡಿ ಬದಲಿಸಿದರೆ ಮುಗಿಯಿತೆಂದು ಭಾವಿಸುವಂತಿಲ್ಲ. ಬ್ಲಾಂಕೆಟ್ ಪದರದ ವಿಷಯ ಇನ್ನೂ ಸೂಕ್ಷ್ಮ. ದಪ್ಪ, ನಡು, ಸಣ್ಣ ಕಣಗಳು ಹದವಾಗಿ ಬೆರೆತ ಸಾಮಗ್ರಿ ಗುಡ್ಡದಿಂದ ಅಗೆದ ಗರಸಿನಲ್ಲಿ ಹಾಗೆಯೇ ಸಿಗುವುದು ಅಪರೂಪ. ಕ್ರಷರ್ ಪುಡಿ, ಜಲ್ಲಿ, ಗರಸುಗಳನ್ನು ಲೆಕ್ಕ ಹಾಕಿ ಬೆರೆಸಬೇಕಾಗುತ್ತದೆ. ಈ ಬೆರಕೆಯನ್ನು ಪ್ರಯೋಗಾಲಯದ ಪ್ರಮಾಣಪತ್ರದೊಡನೆ ಕೊಡಬಲ್ಲ ಘಟಕವೊಂದು ಸಿಂಧನೂರು–ಲಿಂಗಸೂಗೂರು ನಡುವೆ ನಿಂತರೆ, ರೈಲ್ವೆಯಷ್ಟೇ ಅಲ್ಲ, ರಸ್ತೆಯ ಗುತ್ತಿಗೆದಾರರೂ ಅದರ ಗಿರಾಕಿಗಳಾಗುವರು. ಮಸ್ಕಿ ಎರಡೂ ಹೊಸ ಹಳಿಗಳಿಂದ ಹೊರಗುಳಿದ ತಾಲ್ಲೂಕು. ಅಂಥ ಘಟಕಕ್ಕೆ ಎರಡು ಮಾರ್ಗಗಳ ನಡುವಿನ ಆ ಸ್ಥಳವೇ ತಕ್ಕುದು.

"ಇಷ್ಟು ವರ್ಷ ಕಾದಿದ್ದೇವೆ, ಇನ್ನು ಮಣ್ಣು ಪರೀಕ್ಷೆಯ ನೆಪದಲ್ಲಿ ತಡಮಾಡಿಸಬೇಡಿ" ಎಂಬ ಆಕ್ಷೇಪ ಬರಬಹುದು. ಅದರಲ್ಲಿ ನ್ಯಾಯವಿದೆ. ಆದರೆ ಪರೀಕ್ಷೆಗಳು ಹೇಗೂ ನಡೆಯುತ್ತಿರುವಂಥವು. ಕಾಗದ ಕೇಳಿದರೆ ಕೆಲಸ ನಿಲ್ಲುವುದಿಲ್ಲ. ಹೊಸ ಮಾರ್ಗವು ಪ್ರಯಾಣಿಕರಿಗೆ ತೆರೆಯುವ ಮೊದಲು 1989ರ ರೈಲ್ವೆ ಕಾಯ್ದೆಯಂತೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆಯೂ ಆಗುತ್ತದೆ. ಆದರೆ ಸುರಕ್ಷಿತ ಎಂಬುದಕ್ಕೂ ಮೂವತ್ತು ವರ್ಷ ಭಾರದ ರೇಕ್ ತಡೆಯುತ್ತದೆ ಎಂಬುದಕ್ಕೂ ಅಂತರವಿದೆ. ಮೊದಲನೆಯದು ಆಯುಕ್ತರ ಕೆಲಸ, ಎರಡನೆಯದನ್ನು ಕೇಳಬೇಕಾದವರು ಗಿರಾಕಿಗಳು. ಉದ್ಘಾಟನೆಯ ದಿನಾಂಕಕ್ಕಾಗಿ ಒತ್ತಡ ಹೇರಿ, ಇನ್ನೂ ಕೂರದ ಏರಿಯ ಮೇಲೆ ಹಳಿ ಹಾಸಿಸಿಕೊಂಡು, ಆಮೇಲೆ ವರ್ಷಗಟ್ಟಲೆ ವೇಗ ನಿರ್ಬಂಧವನ್ನು ಅನುಭವಿಸುವುದು ಲಾಭದ ವ್ಯಾಪಾರವೆಂದು ಯಾವ ಅಡತಿ ಅಂಗಡಿಯವನೂ ಹೇಳಲಾರ.

ಈ ಭಾಗದ ವಾಣಿಜ್ಯ ಸಂಸ್ಥೆಗಳು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಪ್ರಧಾನ ಕಚೇರಿಗೆ ಮುಂದಿನ ನಿಯೋಗ ಒಯ್ಯುವಾಗ ಮನವಿಯಲ್ಲಿ ಕೆಲವು ಸಾಲು ಸೇರಿಸಬಹುದು. ಸಿಂಧನೂರಿನವರೆಗಿನ ಏರಿಯ ಪ್ರತಿ ಭಾಗ ಯಾವ ಮಾರ್ಗಸೂಚಿಯಂತೆ, ಎಷ್ಟು ಅಚ್ಚಿನ ಭಾರಕ್ಕೆ ಕಟ್ಟಲ್ಪಟ್ಟಿದೆ. ಮಾನ್ವಿ, ರಾಯಚೂರಿನ ಕಡೆಗೂ ಕುಷ್ಟಗಿಯಿಂದ ಲಿಂಗಸೂಗೂರಿನ ಕಡೆಗೂ ಎರೆ ಮಣ್ಣಿನ ಪಟ್ಟಿಗಳಲ್ಲಿ ಬ್ಲಾಂಕೆಟ್ ದಪ್ಪ ಎಷ್ಟು. ತಟ್ಟೆಯ ಪರೀಕ್ಷೆಯ ಫಲಿತಾಂಶಗಳು ಯಾವ ತಿಂಗಳಿನವು ಎಂಬುದನ್ನು ತಿಳಿಸಬೇಕೆಂದು ಕೋರಬಹುದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಉತ್ತರ ಬಂದರೆ ಅದನ್ನು ಓದಿ ಹೇಳಬಲ್ಲ ಸಿವಿಲ್ ಇಂಜಿನಿಯರಿಂಗ್ ಅಧ್ಯಾಪಕರು ರಾಯಚೂರಿನಲ್ಲಿಯೇ ಇದ್ದಾರೆ. ಸರಕು ಹೇರುವ ಅಂಗಳದ ವಿಷಯವನ್ನೂ ಅದೇ ಪತ್ರದಲ್ಲಿ ಕೇಳಬೇಕು. ಹಳಿಗೆ ಬ್ಲಾಂಕೆಟ್ ಹಾಸಿ, ನೂರಾರು ಲಾರಿಗಳು ತಿರುಗಾಡಬೇಕಾದ ಗೂಡ್ಸ್ ಶೆಡ್ಡಿನ ಅಂಗಳವನ್ನು ಬರಿ ಎರೆಯ ಮೇಲೆ ಬಿಟ್ಟರೆ, ಮೊದಲ ಮಳೆಗಾಲದಲ್ಲಿಯೇ ಅಕ್ಕಿಯ ಲಾರಿಗಳು ವ್ಯಾಗನ್ನಿನಿಂದ ನೂರು ಗಜ ದೂರದಲ್ಲಿ ಹೂತು ನಿಲ್ಲುತ್ತವೆ.